ಮುರಿದೆಲುಬಿನ ಛಾಯೆ

ಡಬ್ಲಿನ್ ನಗರದ ಶಸ್ತ್ರವೈದ್ಯ ಅಬ್ರಹಾಂ ಕಾಲಿಸನು, ಮಣಿಕಟ್ಟಿಗಿಂತ ಸುಮಾರು ಒಂದೂವರೆ ಅಂಗುಲ ಮೇಲೆ ಮುಂಗೈಯ ಎಲುಬು ಮುರಿಯುವ ಬಗೆಯನ್ನು 1814ರಲ್ಲಿ ನಿರೂಪಿಸಿದಾಗ, ಜೀವಂತ ಶರೀರದೊಳಗಣ ಎಲುಬನ್ನು ಕಾಣಬಲ್ಲ ಉಪಕರಣವೊಂದೂ ಲೋಕದಲ್ಲಿರಲಿಲ್ಲ. ಕೈಯ ವಕ್ರತೆಯನ್ನು ನೋಡಿ, ಅದನ್ನು ಎಳೆದು ಹಿಡಿದಾಗ ಆ ವಕ್ರತೆ ಮಾಯವಾಗಿ ಬಿಟ್ಟೊಡನೆ ಮರಳುವುದನ್ನು ಗಮನಿಸಿ, ಕೇವಲ ಸ್ಪರ್ಶಜ್ಞಾನದ ಬಲದಿಂದ ಆತನು ಮಾಡಿದ ನಿರ್ಣಯವು ಎಷ್ಟು ಸಮರ್ಪಕವಾಗಿತ್ತೆಂದರೆ, ಆ ಅಸ್ಥಿಭಂಗವು ಇಂದಿಗೂ ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

1895ರ ನವೆಂಬರ್ 8ರಂದು ಜರ್ಮನಿಯ ವೂರ್ಟ್ಸ್‌ಬುರ್ಗ್‌ನಲ್ಲಿ ರಂಟ್ಜೆನ್ ಕ್ಷ-ಕಿರಣಗಳನ್ನು ಕಂಡನು. ಅದಕ್ಕೆ ಆತನು ಪೇಟೆಂಟ್ ಪಡೆಯದೆ ಇದ್ದುದು ಲೋಕಕ್ಕೆ ಮಾಡಿದ ಮಹೋಪಕಾರ. ಮೂರೇ ತಿಂಗಳೊಳಗೆ, 1896ರ ಫೆಬ್ರವರಿ 3ರಂದು, ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಆ ವಿದ್ಯೆ ಒಬ್ಬ ಬಾಲಕನ ಸೇವೆಗೆ ಒದಗಿತು. ಹಿಮಗಟ್ಟಿದ ಕನೆಕ್ಟಿಕಟ್ ನದಿಯ ಮೇಲೆ ಜಾರಾಟವಾಡುತ್ತ ಬಿದ್ದ ಎಡ್ಡಿ ಮೆಕಾರ್ಥಿಯನ್ನು ವೈದ್ಯನಾದ ಗಿಲ್ಮನ್ ಫ್ರಾಸ್ಟ್ ತನ್ನ ಸೋದರನೂ ಖಗೋಳಶಾಸ್ತ್ರದ ಪ್ರಾಧ್ಯಾಪಕನೂ ಆದ ಎಡ್ವಿನ್ ಫ್ರಾಸ್ಟನ ಬಳಿಗೆ ಕರೆತಂದನು. ಹುಡುಗನು ಮೇಜಿನ ಮೇಲೆ ಕೈ ಚಾಚಿ ಇಪ್ಪತ್ತು ನಿಮಿಷ ಅಲುಗದೆ ಕುಳಿತಿರಬೇಕಾಯಿತು. ಫಲಕವನ್ನು ಸಂಸ್ಕರಿಸಿದಾಗ, ಕಿರುಬೆರಳ ಕಡೆಯ ಎಲುಬಿನಲ್ಲಿ ಮುರಿತವು ಸ್ಪಷ್ಟವಾಗಿ ಮೂಡಿತ್ತು. ನೋವಿನಲ್ಲಿದ್ದ ಆ ಬಾಲಕನ ತಾಳ್ಮೆಗೂ ವೈದ್ಯಕೀಯದ ಇತಿಹಾಸದಲ್ಲಿ ಒಂದು ಸ್ಥಾನವುಂಟೆಂದು ನಾನು ಭಾವಿಸುತ್ತೇನೆ. ಆ ಕಿರಣಗಳ ಅಪಾಯವನ್ನರಿಯದೆ ಕೈಬೆರಳುಗಳನ್ನೂ ಪ್ರಾಣವನ್ನೂ ತೆತ್ತ ಆದ್ಯ ಪ್ರಯೋಗಕಾರರ ಋಣವಂತೂ ತೀರತಕ್ಕದ್ದಲ್ಲ.

ಆದರೆ ಛಾಯೆ ಛಾಯೆಯೇ. ಹಿಂದುಮುಂದಿನ ಎಲುಬುಗಳೆಲ್ಲ ಅದರಲ್ಲಿ ಒಂದರ ಮೇಲೊಂದು ಬೀಳುವುದರಿಂದ, ಒಂದಕ್ಕೊಂದು ಲಂಬವಾದ ಎರಡು ದಿಕ್ಕುಗಳಿಂದ ಚಿತ್ರ ತೆಗೆಯುವ ಪದ್ಧತಿ ರೂಢಿಗೆ ಬಂದಿತು. ಬೆನ್ನುಮೂಳೆ, ಸೊಂಟ, ಹಿಮ್ಮಡಿಗಳ ಜಟಿಲ ಭಂಗಗಳಲ್ಲಿ ಅದೂ ಸಾಲದಾಯಿತು. ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ನಿರ್ಮಿಸಿದ ಸಿ.ಟಿ. ಯಂತ್ರವು 1971ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ರೋಗಿಯೊಬ್ಬರ ಮೆದುಳನ್ನು ಪದರ ಪದರವಾಗಿ ತೋರಿಸಿತು. ಅದೇ ವಿದ್ಯೆ ಮುಂದೆ ಎಲುಬಿಗೂ ಸಂದು, ಕೀಲಿನೊಳಗಣ ಚೂರುಗಳು ಎಷ್ಟು, ಯಾವ ಕಡೆಗೆ ಸರಿದಿವೆ ಎಂಬುದನ್ನು ಶಸ್ತ್ರಕ್ರಿಯೆಗೆ ಮುನ್ನವೇ ತಿಳಿಯುವಂತಾಯಿತು. ಆದರೆ ಇದರಲ್ಲಿ ವಿಕಿರಣದ ಪ್ರಮಾಣ ಸಾಧಾರಣ ಎಕ್ಸ್‌ರೇಗಿಂತ ಬಹಳ ಹೆಚ್ಚು.

ಎಂ.ಆರ್.ಐ.ಯ ಮಾರ್ಗವೇ ಬೇರೆ. ಕ್ಷ-ಕಿರಣವನ್ನೇ ಬಳಸದೆ, ಕಾಂತಕ್ಷೇತ್ರದ ಸಹಾಯದಿಂದ ದೇಹದ ನೀರು ಕೊಬ್ಬುಗಳಲ್ಲಿರುವ ಜಲಜನಕದ ಸ್ಪಂದನವನ್ನು ಗ್ರಹಿಸುವ ಇದು, ಎಲುಬಿನ ಮಜ್ಜೆಯಲ್ಲಿ ನೀರು ತುಂಬಿದುದನ್ನೂ ಸ್ನಾಯುಬಂಧ ಹರಿದುದನ್ನೂ ಕಾಣಿಸುತ್ತದೆ. ಹೆಬ್ಬೆರಳ ಬುಡದಲ್ಲಿ ಗೋಡಂಬಿಯಷ್ಟು ಪುಟ್ಟದಾದ ಸ್ಕಾಫಾಯ್ಡ್ ಎಂಬ ಮೂಳೆಯುಂಟು. ಅದು ಬಿರಿದರೆ ಮೊದಲ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಏನೂ ಕಾಣದು, ಎಂ.ಆರ್.ಐ.ಯಲ್ಲಿ ಕಾಣುತ್ತದೆ. ಆ ಸಂಶಯವನ್ನು ಮೊದಲು ಹುಟ್ಟಿಸುವುದು ಮಾತ್ರ, ಕಾಲಿಸನ ಕಾಲದಲ್ಲಿದ್ದಂತೆಯೇ, ನೋವಿನ ತಾಣವನ್ನು ಒತ್ತಿ ನೋಡುವ ವೈದ್ಯರ ಬೆರಳು. ಆದುದರಿಂದ ಅಂಗೈ ಊರಿ ಬಿದ್ದವರು, ಎಕ್ಸ್‌ರೇಯಲ್ಲಿ ಏನೂ ಇಲ್ಲವೆಂದು ಕೇಳಿದ ಮಾತ್ರಕ್ಕೆ ನಿಶ್ಚಿಂತರಾಗದೆ, ನೋವು ಉಳಿದಿದ್ದರೆ ಹತ್ತು ಹದಿನಾಲ್ಕು ದಿನಗಳೊಳಗೆ ಮತ್ತೊಮ್ಮೆ ವೈದ್ಯರಿಗೆ ಕೈ ತೋರಿಸಬೇಕು.