ಉಲ್ಕೆ ಕಾಣಲು ಕತ್ತಲೂ ಬೇಕು
ಕ್ರಿ.ಶ. 902. ಸೇಡಂ ತಾಲ್ಲೂಕಿನ ಇಂದಿನ ಮಳಖೇಡ ಆಗ ಮಾನ್ಯಖೇಟ. ರಾಷ್ಟ್ರಕೂಟ ದೊರೆ ಇಮ್ಮಡಿ ಕೃಷ್ಣನ ರಾಜಧಾನಿ. ಆ ವರ್ಷ ಸುರಿದ ಸಿಂಹರಾಶಿಯ ಉಲ್ಕಾವೃಷ್ಟಿಯಿಂದಾಗಿ ಅರಬ್ ನಾಡುಗಳಲ್ಲಿ ಅದು ‘ನಕ್ಷತ್ರಗಳ ವರ್ಷ’ವೆಂದೇ ಹೆಸರಾಯಿತು.

ಟೆಂಪೆಲ್-ಟಟಲ್ ಧೂಮಕೇತು ಸುಮಾರು 33 ವರ್ಷಕ್ಕೊಮ್ಮೆ ಸೂರ್ಯನನ್ನು ಸುತ್ತುತ್ತ ಧೂಳನ್ನು ಬಿಟ್ಟುಹೋಗುತ್ತದೆ. ಪ್ರತಿ ನವೆಂಬರ್‌ನಲ್ಲಿ ಭೂಮಿ ಅದನ್ನು ಹಾಯುವಾಗ ಕಣಗಳು ವಾತಾವರಣದಲ್ಲಿ ಉರಿದು ಉಲ್ಕೆಗಳಾಗಿ ಕಾಣುತ್ತವೆ. ಧೂಮಕೇತು ಮತ್ತೆ ಸೂರ್ಯನ ಸಮೀಪ ಬರುವುದು 2031ರಲ್ಲಿ.

ಆಗಸ್ಟ್‌ನ ಪರ್ಸೀಡ್ ಉಲ್ಕೆಗಳನ್ನು ಮುಂಗಾರಿನ ಮೋಡ ಮರೆಮಾಡುವುದೇ ಹೆಚ್ಚು. ನವೆಂಬರ್ ಹೊತ್ತಿಗೆ ಆಕಾಶ ತಿಳಿಯಾದರೂ ವಾಡಿ, ಸೇಡಂ ಸುತ್ತಲಿನ ಸಿಮೆಂಟ್ ಕಾರ್ಖಾನೆಗಳ ದೀಪಗಳು ಮಂದ ಉಲ್ಕೆಗಳನ್ನು ನುಂಗುತ್ತವೆ. ಕತ್ತಲು ಉಳಿದಿರುವುದು 2011ರಲ್ಲಿ ವನ್ಯಜೀವಿಧಾಮವಾದ ಚಿಂಚೋಳಿ ಕಾಡಿನ ಕಡೆ. ಮಾನ್ಯಖೇಟದವರಿಗೆ ಅಡ್ಡಿಯಾಗಿದ್ದವು ಮೋಡ, ಬೆಳದಿಂಗಳು ಮಾತ್ರ. ಇಂದಿನವರು ತಿಳಿಯಾಕಾಶದ ಜತೆಗೆ ಕತ್ತಲನ್ನೂ ಹಾರೈಸಬೇಕಾಗಿದೆ.