ಮುಟ್ಟುವವರಿಲ್ಲದ ಜ್ವರ: 1918ರ ಒಂದು ಲೆಕ್ಕ

ಪೋಸ್ಟ್ ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

61.6. 18.9. 8.3.

1918ರಲ್ಲಿ ಬಾಂಬೆ ನಗರದಲ್ಲಿ ಇನ್‌ಫ್ಲುಯೆಂಜಾಕ್ಕೆ ಸತ್ತವರ ಲೆಕ್ಕ ಇದು, ಸಾವಿರ ಜನಕ್ಕೆ ಇಷ್ಟು ಅಂತ. 8.3 ಯುರೋಪಿಯನ್ನರದು. 18.9 ಸವರ್ಣ ಹಿಂದೂಗಳದು. 61.6 ಯಾರದು ಅಂತ ಬಿಡಿಸಿ ಹೇಳಬೇಕಾ? ಬ್ರಿಟಿಷರ ಕೋಷ್ಟಕದಲ್ಲಿ ಅವರ ಹೆಸರು ‘ಲೋ ಕಾಸ್ಟ್ ಹಿಂದೂ’. ಅದೇ ಊರು, ಅದೇ ಜ್ವರ. ನಮ್ಮವರು ಸವರ್ಣರಿಗಿಂತ ಮೂರು ಪಟ್ಟು, ದೊರೆಗಳಿಗಿಂತ ಏಳು ಪಟ್ಟು ಸತ್ತರು. ‘ರೋಗಕ್ಕೆ ಜಾತಿ ಇಲ್ಲ’ ಅಂತ ಕೊರೊನಾ ಟೈಮಲ್ಲಿ ಸ್ಟೇಟಸ್ ಹಾಕಿದವರಿಗೆ ಈ ಮೂರು ಅಂಕಿ ತೋರಿಸಿ.

ಜೂನ್ 1918ರಲ್ಲಿ ಬಾಂಬೆ ಬಂದರಿನಲ್ಲಿ ಡ್ಯೂಟಿ ಮೇಲಿದ್ದ ಪೊಲೀಸ್ ಸಿಪಾಯಿಗಳು ಮೊದಲು ಮಲಗಿದರು. ಮಹಾಯುದ್ಧದ ಹಡಗುಗಳು ಬರ್ತಿದ್ದ ಬಂದರು ಅದು. ಮೊದಲ ಅಲೆ ಹಗುರ. ಸೆಪ್ಟೆಂಬರ್‌ನಲ್ಲಿ ಬಂದ ಎರಡನೆಯದು ಕೊಂದಿತು. ಅಕ್ಟೋಬರ್ 6ರ ಒಂದೇ ದಿನ ಆ ನಗರದಲ್ಲಿ 768 ಜನ ಸತ್ತರು. ಆ ವರ್ಷ ಮಳೆ ಕೈಕೊಟ್ಟಿತ್ತು, ಕಾಳು ತುಟ್ಟಿ, ಹೊಟ್ಟೆ ಖಾಲಿ. ಇಡೀ ದೇಶದಲ್ಲಿ ಒಂದು ಕೋಟಿಗೂ ಮಿಕ್ಕಿ ಜನ ಹೋದರು. ಮರಾಠಿಯಲ್ಲಿ ಈ ಬೇನೆಗೆ ‘ಮಾನಮೋಡಿ’ ಅಂದರು, ಕತ್ತು ಮುರಿಯೋದು ಅಂತ.

ಸತ್ತದ್ದು ಹೇಗೆ? ಬರೀ ಜ್ವರದಿಂದ ಅಲ್ಲ. ವೈರಸ್ಸು ಶ್ವಾಸಕೋಶದ ಸಣ್ಣ ಸಣ್ಣ ಗಾಳಿಚೀಲಗಳ ಒಳಪದರವನ್ನ ಸುಡುತ್ತೆ, ಅಲ್ಲಿ ನೀರು ತುಂಬುತ್ತೆ, ಮೇಲಿಂದ ಬ್ಯಾಕ್ಟೀರಿಯಾ ಹೊಕ್ಕು ನ್ಯುಮೋನಿಯಾ ಆಗುತ್ತೆ. ಎದೆ ಏರಿಳಿತಾ ಇರುತ್ತೆ, ಆದರೆ ಆಮ್ಲಜನಕ ರಕ್ತಕ್ಕೆ ಇಳಿಯೋದಿಲ್ಲ. ತುಟಿ, ಉಗುರು ನೀಲಿಗಟ್ಟುತ್ತೆ. ಹೆಚ್ಚಾಗಿ ಹೋದವರು ಮುದುಕರಲ್ಲ, 20ರಿಂದ 40ರ ದುಡಿಯೋ ವಯಸ್ಸಿನವರು. ಆಗ ಪೆನ್ಸಿಲಿನ್ ಇಲ್ಲ, ವೆಂಟಿಲೇಟರ್ ಇಲ್ಲ. ರೋಗ ತರೋದು ವೈರಸ್ಸು ಅನ್ನೋದೇ ಖಾತ್ರಿಯಾಗಿದ್ದು 1933ರಲ್ಲಿ. ಹಾಗಾಗಿ ಇದ್ದ ಚಿಕಿತ್ಸೆ ಒಂದೇ: ಆರೈಕೆ. ಬಾಯಿಗೆ ನೀರು, ಗಂಜಿ. ಮೈಮೇಲೆ ಕಂಬಳಿ. ಎಬ್ಬಿಸಿ ಕೂರಿಸೋದಕ್ಕೆ, ಮಗ್ಗುಲು ಬದಲಿಸೋದಕ್ಕೆ ಒಂದು ಜೊತೆ ಕೈ.

ಆ ಕೈ ಯಾರ ಮನೆಗೆ ಬರ್ತಿತ್ತು? ಬಾಂಬೆಯಲ್ಲಿ ಹಲವು ಸಮುದಾಯಗಳು ತಮ್ಮ ತಮ್ಮವರಿಗೆ ತಾತ್ಕಾಲಿಕ ಆಸ್ಪತ್ರೆ, ಔಷಧ ಕೇಂದ್ರ ತೆರೆದವು. ಒಳ್ಳೇದೇ. ಆದರೆ ದುಡ್ಡಿಲ್ಲದ ಜಾತಿಗೆ ಯಾರು ತೆರೀಬೇಕು? ಚಾಳಿನ ಒಂದೇ ಖೋಲಿಯಲ್ಲಿ ಇಡೀ ಕುಟುಂಬ ಒಟ್ಟಿಗೆ ಮಲಗಿದರೆ ನೀರು ಕೊಡೋದಕ್ಕೂ ಎದ್ದವರಿರಲಿಲ್ಲ. ಆ ವರ್ಷದ ನವೆಂಬರ್‌ನಲ್ಲೇ ಬಾಬಾಸಾಹೇಬರು ಸಿಡನ್‌ಹ್ಯಾಮ್ ಕಾಲೇಜಿಗೆ ಪ್ರೊಫೆಸರ್ ಆಗಿ ಸೇರಿದ್ದು. ವಾಸ ಪರೇಲಿನ ಚಾಳಿನಲ್ಲಿ. ಸಹೋದ್ಯೋಗಿಗಳು ನೀರಿನ ಹೂಜಿ ಮುಟ್ಟಬೇಡಿ ಅಂತ ತಕರಾರು ತೆಗೆದ ಕಥೆ ನಿಮಗೆಲ್ಲ ಗೊತ್ತು. ಮಹಾಮಾರಿ ಆಗಷ್ಟೇ ದಾಟಿಹೋದ ಊರು ಅದು ಅನ್ನೋದನ್ನ ಆ ಕಥೆಗೆ ಸೇರಿಸಿ ಓದಿ. ಪ್ರೊಫೆಸರಿಗೇ ನೀರಿಲ್ಲ, ಇನ್ನು ಕೇರಿಯ ರೋಗಿಗೆ?

ಈಗ ನಮ್ಮ ಕಡೆ ಬರೋಣ. ಹಳಿಯಾಳ, ಸೂಪಾ, ಮುಂಡಗೋಡ ಎಲ್ಲಾ ಆಗ ಅದೇ ಬಾಂಬೆ ಪ್ರೆಸಿಡೆನ್ಸಿಯ ಉತ್ತರ ಕನ್ನಡ ಜಿಲ್ಲೆ. (ಸೂಪಾ ಅಣೆಕಟ್ಟಿನ ನೀರಲ್ಲಿ ಮುಳುಗಿತು, ಆಮೇಲೆ ಜೋಯಿಡಾ ತಾಲೂಕಾಯ್ತು.) ದಾಂಡೇಲಿಯಲ್ಲಿ ಪೇಪರ್ ಮಿಲ್ ಇನ್ನೂ ಇರಲಿಲ್ಲ, ಬರೀ ಕಾಡು, ನಾಟಾ. ಬಾಂಬೆ ನಗರಕ್ಕೆ ಜಾತಿವಾರು ಕೋಷ್ಟಕ ಸಿಗುತ್ತೆ. ನಮ್ಮ ಹಳ್ಳಿಗಳ ಸಾವು ಬರೆದವರು ಊರಿನ ಅಧಿಕಾರಿಗಳು. ಡಾಕ್ಟರ್ ನೋಡಿ ಬರೆದದ್ದಲ್ಲ. ಕಾರಣದ ಅಂಕಣದಲ್ಲಿ ಹೆಚ್ಚಿನವು ‘ಜ್ವರ’. ಮೊದಲೇ ಮಲೇರಿಯಾ ಸೀಮೆ, ಗುಲ್ಮದ ಗಡ್ಡೆ ಹೊತ್ತುಕೊಂಡೇ ಬದುಕಿದ ಜನ. ಜ್ವರ ಅಂದರೆ ಯಾವ ಜ್ವರ ಅಂತ ಕೇಳೋರು ಯಾರು? 1901ಕ್ಕೆ ನಾಲ್ಕೂವರೆ ಲಕ್ಷ ಇದ್ದ ಜಿಲ್ಲೆಯ ಜನಸಂಖ್ಯೆ 1921ಕ್ಕೆ ನಾಲ್ಕು ಲಕ್ಷದ ಹತ್ತಿರ ಇಳಿದಿತ್ತು. ಜನಗಣತಿ ಹೇಳೋದು ಅಷ್ಟೇ. ಹೊಲೆಯರ ಕೇರಿಯಲ್ಲಿ ಎಷ್ಟು, ಸಿದ್ದಿಯರ ವಾಡೆಯಲ್ಲಿ ಎಷ್ಟು, ಕುಣಬಿಯರ ಮನೆಗಳಲ್ಲಿ ಎಷ್ಟು? ಎಲ್ಲಾ ‘ಜ್ವರ’ದೊಳಗೆ ಹೂತುಹೋಗಿದೆ.

ಇನ್ನೊಂದು ಮಾತು ಯಾವ ಇತಿಹಾಸಕಾರನೂ ಒತ್ತಿ ಹೇಳಿದ್ದು ನಾನು ಕಂಡಿಲ್ಲ. ಬಾಂಬೆ ಪ್ರೆಸಿಡೆನ್ಸಿಯ ಹಳ್ಳಿಗಳಲ್ಲಿ ಸಾವಿನ ಸುದ್ದಿಯನ್ನ ಪರ ಊರಿಗೆ ಮುಟ್ಟಿಸೋದು ಯಾರ ಬಿಟ್ಟಿ ಚಾಕರಿ? ನಮ್ಮದೇ. ಗುಂಡಿ ತೋಡೋದು, ಸತ್ತ ದನ ಎಳೆಯೋದು, ಅದೂ ನಮ್ಮದೇ. ಸಾವಿನ ಮೇಲೆ ಸಾವು ಬಿದ್ದ ಆ ಅಕ್ಟೋಬರ್‌ನಲ್ಲಿ ಜ್ವರ ಇದ್ದ ಊರಿಂದ ಊರಿಗೆ ನಡೆದವರು, ಹೆಣದ ಹತ್ತಿರ ನಿಂತವರು ಯಾರಿರಬೇಕು ಯೋಚಿಸಿ. ಜೀವ ಇದ್ದಾಗ ಮುಟ್ಟಬಾರದ ಕೈ, ಹೆಣ ಆದ ಮೇಲೆ ಬೇಕೇ ಬೇಕು. ಹತ್ತು ವರ್ಷದ ನಂತರ, 1928ರಲ್ಲಿ, ಬಾಬಾಸಾಹೇಬರು ಬಾಂಬೆ ಶಾಸನ ಪರಿಷತ್ತಿನಲ್ಲಿ ಮಹಾರ್ ವತನದ ವಿರುದ್ಧ ಮಸೂದೆ ತಂದದ್ದನ್ನ ನಾನು ಆರೋಗ್ಯದ ಮಸೂದೆ ಅಂತಲೂ ಓದ್ತೀನಿ.

ಐಸಿಯು ಹುಟ್ಟಿದ ಕಥೆ ಗೊತ್ತಾ? 1952, ಕೋಪನ್‌ಹೇಗನ್. ಪೋಲಿಯೋ ಬಂದು ಮಕ್ಕಳ ಉಸಿರಿನ ಸ್ನಾಯುಗಳೇ ನಿಂತವು. ಬ್ಯೋರ್ನ್ ಇಬ್ಸೆನ್ ಅನ್ನೋ ಡಾಕ್ಟರ್ ಗಂಟಲಿಗೆ ತೂತು ಮಾಡಿ ಕೊಳವೆ ಇಟ್ಟು, ರಬ್ಬರ್ ಚೀಲ ಒತ್ತಿ ಗಾಳಿ ಕೊಡಿಸಿದ. ಒತ್ತಿದವರು ಸುಮಾರು 1,500 ವಿದ್ಯಾರ್ಥಿಗಳು. ಪಾಳಿ ಮೇಲೆ, ಹಗಲೂ ರಾತ್ರಿ, ವಾರಗಟ್ಟಲೆ. ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಸಾಯ್ತಿದ್ದ ಕಡೆ ಹೆಚ್ಚಿನವರು ಉಳಿದರು. ಯಂತ್ರ ಆಮೇಲೆ ಬಂತು, ಕೈ ಮೊದಲು. ಇವತ್ತಿಗೂ ಹಾಗೇ. ಶ್ವಾಸಕೋಶ ಪೂರ್ತಿ ಕೆಟ್ಟ ರೋಗಿಯನ್ನ ದಿನಕ್ಕೆ 16 ಗಂಟೆ ಬೋರಲು ಮಲಗಿಸಿದರೆ ಸಾವು ಅರ್ಧಕ್ಕೆ ಇಳಿಯುತ್ತೆ ಅಂತ 2013ರಲ್ಲಿ ಫ್ರಾನ್ಸಿನ ಡಾಕ್ಟರುಗಳು ತೋರಿಸಿದರು. ಕೊಳವೆ ಹಾಕಿದ ಮನುಷ್ಯನನ್ನ ಬೋರಲು ಮಾಡೋದಕ್ಕೆ ನಾಲ್ಕೈದು ಜನ ಬೇಕು. ಔಷಧಿ ಅಲ್ಲ, ಮುಟ್ಟೋ ಜನ.

2009ರಲ್ಲಿ ಎಚ್1ಎನ್1 ಬಂದಾಗಲೂ ಹೋದವರಲ್ಲಿ ವಯಸ್ಸಿನವರೇ ಬಹಳ. ಈಗ ಒಸೆಲ್ಟಾಮಿವಿರ್ ಮಾತ್ರೆ ಇದೆ, ಮೊದಲ 48 ಗಂಟೆಯೊಳಗೆ ಶುರು ಮಾಡಿದರೆ ಚೆನ್ನಾಗಿ ಕೆಲಸ ಮಾಡುತ್ತೆ. ಆದರೆ ಜೋಯಿಡಾದ ಕಾಡಿನ ವಾಡೆಯಿಂದ ಹೊರಟು ದಾಂಡೇಲಿ, ಅಲ್ಲಿಂದ ಐವತ್ತಕ್ಕೂ ಹೆಚ್ಚು ಕಿಲೋಮೀಟರ್ ಧಾರವಾಡ, ಮತ್ತೆ ಹುಬ್ಬಳ್ಳಿ ಕಿಮ್ಸ್. ಮುಂಡಗೋಡದವರಿಗೂ ಹುಬ್ಬಳ್ಳಿಯೇ ಗತಿ. ಎಮರ್ಜೆನ್ಸಿ ಆಸ್ಪತ್ರೆ ಬೇಕು ಅಂತ 2019ರಲ್ಲಿ ಜಿಲ್ಲೆಯ ಹುಡುಗರು ಟ್ವಿಟ್ಟರ್ ತುಂಬಾ ಕೂಗಿದ್ದು ನೆನಪಿದೆ ತಾನೇ? ಕರಾವಳಿಯವರ ಕೂಗು ಕೇಳಿಸಿತು. ಘಟ್ಟದ ಮೇಲಿನ ಕೇರಿ ವಾಡೆಗಳದ್ದು ಅಷ್ಟು ಕೇಳಿಸಲಿಲ್ಲ.

ನಾಲ್ಕೂ ತಾಲೂಕಿನ ಸರ್ಕಾರಿ ಆಸ್ಪತ್ರೆಗಳಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕೋಣ ಅಂತಿದ್ದೀನಿ. ವೆಂಟಿಲೇಟರ್ ಎಷ್ಟಿವೆ, ಅದರಲ್ಲಿ ಓಡ್ತಿರೋವು ಎಷ್ಟು, ರಾತ್ರಿ ಪಾಳಿಯಲ್ಲಿ ಅದನ್ನ ನಡೆಸಬಲ್ಲ ನರ್ಸ್ ಎಷ್ಟು ಜನ, ಪೌರಕಾರ್ಮಿಕರಿಗೆ ಫ್ಲೂ ಲಸಿಕೆ ಕೊಟ್ಟಿದ್ದಾರಾ. ಜೊತೆಗೆ ಬರೋರು ಇನ್‌ಬಾಕ್ಸಿಗೆ ಬನ್ನಿ. ನಿಮ್ಮ ಮನೆಯಲ್ಲಿ ಅಜ್ಜಿ, ಮುತ್ತಜ್ಜಿ ಮಾನಮೋಡಿ ಅಂತಲೋ ಬೇರೆ ಹೆಸರಲ್ಲೋ ಆ ವರ್ಷದ ಮಾತು ಹೇಳಿದ್ದು ಯಾರಿಗಾದರೂ ನೆನಪಿದ್ದರೆ ಕೆಳಗೆ ಬರೀರಿ, ಕೇರಿಯ ಹೆಸರು ಸಮೇತ. ಜೈಭೀಮ್.