ಕೊಯ್ಲನ್ನು ತಡೆದು ನಿಂತವರು: ಸೋಟೆರ್ನ್ ಸಿಹಿ ವೈನಿನ ಚರಿತ್ರೆ

ಫ್ರಾನ್ಸಿನ ನೈಋತ್ಯ ಭಾಗದಲ್ಲಿರುವ ಬೋರ್ಡೋ ನಗರದಿಂದ ಆಗ್ನೇಯಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಗರೋನ್ ನದಿಯ ಎಡದಂಡೆಯ ಮೇಲೆ, ಸೋಟೆರ್ನ್, ಬಾರ್ಸಾಕ್, ಬೊಮ್, ಫಾರ್ಗ್ ಮತ್ತು ಪ್ರೆನ್ಯಾಕ್ ಎಂಬ ಐದು ಊರುಗಳಿವೆ. ಈ ಊರುಗಳ ಬಿಳಿ ದ್ರಾಕ್ಷಿಯಿಂದ ತಯಾರಾಗುವ, ಊಟದ ಕೊನೆಯಲ್ಲಿ ಸಣ್ಣ ಲೋಟದಲ್ಲಿ ಸೇವಿಸುವ ಸಿಹಿ ವೈನ್ ಹೊಸತರಲ್ಲಿ ಹೊಂಬಣ್ಣದ್ದಾಗಿದ್ದು, ವರ್ಷಗಳು ಕಳೆದಂತೆ ಜೇನಿನ ಬಣ್ಣಕ್ಕೂ ಆಮೇಲೆ ಕಂದು ಬಣ್ಣಕ್ಕೂ ತಿರುಗುತ್ತದೆ. ಒಳ್ಳೆಯ ಬೆಳೆಯ ವರ್ಷದ್ದಾದರೆ ಶತಮಾನ ದಾಟಿದರೂ ಕೆಡುವುದಿಲ್ಲ. ಇಲ್ಲಿನ ಅತ್ಯಂತ ಹೆಸರಾಂತ ತೋಟವಾದ ಷಾತೊ ದಿಕೆಮ್‌ನಲ್ಲಿ 1811ರ ಬೆಳೆಯಿಂದ ತಯಾರಾಗಿದ್ದ ಒಂದು ಬಾಟಲಿ 2011ರಲ್ಲಿ 75,000 ಪೌಂಡಿಗೆ ಮಾರಾಟವಾಯಿತು. ಇಂಥ ಬೆಲೆಗಳ ಮತ್ತು ಕೋಟೆಮನೆಗಳ ವೈಭವದ ಹಿಂದೆ ಅಪ್ಪಟ ಬೇಸಾಯದ ಪ್ರಶ್ನೆಯೊಂದು ಮರೆಯಾಗಿದೆ. ಹಣ್ಣಾದ ಬೆಳೆಯನ್ನು ಕೊಯ್ಯದೆ ಬಳ್ಳಿಯಲ್ಲೇ ಬಿಡಬೇಕೆಂದು ನಿರ್ಧರಿಸಿದವರು ಯಾರು, ಹಾಗೆ ಕಾಯುವಾಗ ಬೆಳೆ ಹಾಳಾದರೆ ಅದರ ನಷ್ಟವನ್ನು ಹೊತ್ತವರು ಯಾರು ಎಂಬುದೇ ಆ ಪ್ರಶ್ನೆ.

ಕಾಯುವುದರ ಕಾರಣ ನೀರಿನಲ್ಲಿದೆ. ಸಿರಾನ್ ಎಂಬ ಹೊಳೆ ಕಾಡಿನ ನೆರಳಿನಲ್ಲಿ ತಣ್ಣಗೆ ಹರಿದು ಬಂದು, ತನಗಿಂತ ಬೆಚ್ಚಗಿರುವ ಗರೋನ್ ನದಿಯನ್ನು ಕೂಡುವುದರಿಂದ, ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳ ಬೆಳಗಿನ ಹೊತ್ತು ತೋಟಗಳ ಮೇಲೆ ಮಂಜು ಕವಿಯುತ್ತದೆ. ಮಧ್ಯಾಹ್ನದ ಬಿಸಿಲು ಅದನ್ನು ಆರಿಸುತ್ತದೆ. ಬೆಳಗಿನ ಈ ತೇವದಲ್ಲಿ ಬೊಟ್ರಿಟಿಸ್ ಸಿನೆರಿಯಾ ಎಂಬ ಶಿಲೀಂಧ್ರ, ಎಂದರೆ ಒಂದು ಬಗೆಯ ಬೂಷ್ಟು, ಮಾಗಿದ ಹಣ್ಣಿನ ಮೇಲೆ ಬೆಳೆದು ಸಿಪ್ಪೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳನ್ನು ಮಾಡುತ್ತದೆ. ಮಧ್ಯಾಹ್ನದ ಬಿಸಿಲಿಗೆ ಆ ರಂಧ್ರಗಳಿಂದ ಹಣ್ಣಿನ ನೀರು ಆವಿಯಾಗಿ ಹೋಗುತ್ತದೆ. ಒಳಗೆ ಸಕ್ಕರೆ, ಹುಳಿ ಮತ್ತು ಪರಿಮಳ ಗಟ್ಟಿಗೊಳ್ಳುತ್ತವೆ. ಫ್ರೆಂಚರು ಇದನ್ನು ಉದಾತ್ತ ಕೊಳೆತವೆಂದು ಕರೆಯುತ್ತಾರೆ. ಮಳೆ ಬಿಡದೆ ಸುರಿದರೆ ಇದೇ ಶಿಲೀಂಧ್ರ ಬರಿಯ ಕೊಳೆರೋಗವಾಗಿ ಇಡೀ ಗೊಂಚಲನ್ನು ತಿಂದುಹಾಕುತ್ತದೆ. ಸಿಪ್ಪೆ ತೆಳುವಾದ ಸೆಮಿಲ್ಯೋನ್ ತಳಿ ಈ ಶಿಲೀಂಧ್ರಕ್ಕೆ ಬೇಗ ಒಡ್ಡಿಕೊಳ್ಳುವುದರಿಂದ ಅದೇ ಇಲ್ಲಿನ ಮುಖ್ಯ ತಳಿಯಾಗಿದ್ದು, ಹುಳಿಗೂ ಪರಿಮಳಕ್ಕೂ ಸೊವಿನ್ಯೋನ್ ಬ್ಲಾಂ ಮತ್ತು ಮುಸ್ಕಾಡೆಲ್ ತಳಿಗಳನ್ನು ಜೊತೆಗೆ ಬೆಳೆಯುತ್ತಾರೆ.

ಒಂದೇ ಗೊಂಚಲಿನ ಎಲ್ಲ ಹಣ್ಣುಗಳೂ ಒಂದೇ ದಿನ ಹದಕ್ಕೆ ಬರುವುದಿಲ್ಲವಾದ್ದರಿಂದ ಕೊಯ್ಯುವವರು ಒಂದೇ ತೋಟದಲ್ಲಿ ವಾರಗಟ್ಟಲೆ ಮತ್ತೆ ಮತ್ತೆ ಸುತ್ತು ಹಾಕಿ, ಸುಕ್ಕುಗಟ್ಟಿದ ಹಣ್ಣನ್ನಷ್ಟೇ ಆರಿಸಿ, ಉಳಿದದ್ದನ್ನು ಮುಂದಿನ ಸುತ್ತಿಗೆ ಬಿಡುತ್ತಾರೆ. ಷಾತೊ ದಿಕೆಮ್‌ನಲ್ಲಿ ಒಂದು ಬಳ್ಳಿಯಿಂದ ಸಿಗುವುದು ಒಂದು ಲೋಟ ವೈನ್ ಮಾತ್ರ ಎಂಬುದು ಪ್ರಸಿದ್ಧವಾದ ಲೆಕ್ಕ. ಹಿಂಡಿದ ರಸ ಎಷ್ಟು ಸಿಹಿಯಾಗಿರುತ್ತದೆಂದರೆ, ಸಕ್ಕರೆಯನ್ನು ಮದ್ಯಸಾರವಾಗಿ ಬದಲಿಸುವ ಯೀಸ್ಟ್ ಸುಮಾರು ಶೇಕಡಾ 14ರ ಹೊತ್ತಿಗೆ ಸೋತು ನಿಂತುಬಿಡುತ್ತದೆ, ಆಗಲೂ ಲೀಟರಿಗೆ 100 ಗ್ರಾಮಿಗಿಂತ ಹೆಚ್ಚು ಸಕ್ಕರೆ ಉಳಿದಿರುತ್ತದೆ. ಈ ಸಕ್ಕರೆ, ಹುಳಿ ಮತ್ತು ಮದ್ಯಸಾರ ಮೂರೂ ಸೇರಿ ವೈನನ್ನು ಕಾಪಾಡುತ್ತವೆ. ಓಕ್ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಟ್ಟು ಆಮೇಲೆ ಬಾಟಲಿಗೆ ತುಂಬುವುದು ವಾಡಿಕೆ.

ಬ್ಯಾಡಗಿ ಸೀಮೆಯ ಓದುಗರಿಗೆ ಸುಕ್ಕಿನ ಬೆಲೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಕಾಂತೇಶನ ಗುಡಿಯಿಂದ ಹೆಸರಾದ ಕದರಮಂಡಲಗಿ ಮತ್ತು ಅದರ ಸುತ್ತಲಿನ ಊರುಗಳಲ್ಲಿ, ಗಿಡದಲ್ಲೇ ಪೂರ್ತಿ ಕೆಂಪೇರಿ ಆಮೇಲೆ ಕಣದ ಬಿಸಿಲಿನಲ್ಲಿ ಒಣಗಿ ನಿರಿಗೆಗಟ್ಟಿದ ಮೆಣಸಿನಕಾಯಿಗೆ, ಖಾರ ಕಡಿಮೆಯಿದ್ದರೂ, ಗಾಢವಾದ ಬಣ್ಣಕ್ಕಾಗಿಯೇ ಬೆಲೆ ಬರುತ್ತದೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಯ ಹೆಗ್ಗುರುತೇ ಆ ಸುಕ್ಕು. ನೀರು ಹೋದಷ್ಟೂ ಸತ್ವ ಉಳಿಯುತ್ತದೆ ಎಂಬ ತಿಳಿವಳಿಕೆ ಎರಡೂ ಕಡೆ ಒಂದೇ. ವ್ಯತ್ಯಾಸ ಕಾಲದ ವಿಷಯದಲ್ಲಿದೆ: ಸೋಟೆರ್ನಿನ ಬಣ್ಣ ವರ್ಷ ಕಳೆದಂತೆ ಗಾಢವಾಗುತ್ತದೆ, ಮೆಣಸಿನಕಾಯಿಯದು ಮಾಸುತ್ತದೆ. ಆದ್ದರಿಂದ ಒಂದು ಕಡೆ ಕಾಲ ಆಸ್ತಿಯಾದರೆ ಇನ್ನೊಂದು ಕಡೆ ಸಾಲವಾಗಿದೆ.

ಈ ವೈನಿನ ಹುಟ್ಟಿನ ಬಗ್ಗೆ ಹೆಚ್ಚು ಪ್ರಚಾರದಲ್ಲಿರುವ ಕಥೆ 1847ರದ್ದು. ಷಾತೊ ದಿಕೆಮ್‌ನ ಒಡೆಯ, ತಾನು ಬರುವವರೆಗೆ ಕೊಯ್ಲು ಬೇಡವೆಂದು ಹೇಳಿ ರಷ್ಯಾಕ್ಕೆ ಹೋಗಿ, ತಡವಾಗಿ ಮರಳಿದಾಗ ಹಣ್ಣು ಬೂಷ್ಟು ಹಿಡಿದಿತ್ತಂತೆ; ಆದರೂ ಹಿಂಡಿಸಿ ನೋಡಿದಾಗ ಅಪೂರ್ವವಾದ ವೈನ್ ದೊರೆಯಿತಂತೆ. ಜರ್ಮನಿಯ ಯೊಹಾನಿಸ್‌ಬರ್ಗ್ ತೋಟದಲ್ಲಿ 1775ರಲ್ಲಿ ಕೊಯ್ಲಿನ ಅಪ್ಪಣೆ ತರಬೇಕಾಗಿದ್ದ ದೂತ ತಡಮಾಡಿದನೆಂಬ ಕಥೆಯೂ, ಹಂಗೇರಿಯ ತೊಕಾಯ್ ಸೀಮೆಯಲ್ಲಿ ಯುದ್ಧದ ಭಯದಿಂದ ಕೊಯ್ಲು ಮುಂದೆ ಹೋಯಿತೆಂಬ ಕಥೆಯೂ ಇದೇ ಅಚ್ಚಿನವು. ಮೂರರಲ್ಲೂ ಕಂಡುಹಿಡಿದದ್ದು ಆಕಸ್ಮಿಕ, ಕೀರ್ತಿ ಒಡೆಯನದು. ಬಳ್ಳಿಯ ಬುಡದಲ್ಲಿ ನಿಂತ ರೈತ ಮಾತ್ರ ಎಲ್ಲಿಯೂ ಇಲ್ಲ. ದಾಖಲೆಗಳು ಬೇರೆಯದನ್ನೇ ಹೇಳುತ್ತವೆ. ಒಣಗಿದ ಹಣ್ಣಿನಿಂದ ಮಾಡುವ ಆಸೂ ಎಂಬ ವೈನಿನ ಉಲ್ಲೇಖ ತೊಕಾಯ್ ಸೀಮೆಯ 1571ರ ದಾಖಲೆಯಲ್ಲೇ ಇದೆ. ಸೋಟೆರ್ನಿನ ಮಟ್ಟಿಗೆ, 1593ರಿಂದ ದಿಕೆಮ್ ತೋಟವನ್ನು ಹಿಡಿದಿದ್ದ ಸೊವಾಜ್ ಮನೆತನದ ಫ್ರಾಂಸ್ವಾ ಸೊವಾಜನಿಗೂ ಅವನ ಗೇಣಿದಾರರಿಗೂ 1666ರಲ್ಲಿ ಆದ ಒಪ್ಪಂದವೊಂದರಲ್ಲಿ, ಬೊಮ್ ಮತ್ತು ಸೋಟೆರ್ನಿನಲ್ಲಿ ಅಕ್ಟೋಬರ್ ನಡುಭಾಗಕ್ಕೆ ಮುಂಚೆ ಕೊಯ್ಲು ಮಾಡುವ ರೂಢಿಯಿಲ್ಲವೆಂದು ನಮೂದಾಗಿದೆ. 1847ಕ್ಕಿಂತ 181 ವರ್ಷ ಮೊದಲೇ ಅದು ರೂಢಿಯಾಗಿತ್ತೆಂದರೆ, ಆ ತಿಳಿವಳಿಕೆ ಅದಕ್ಕೂ ಹಿಂದಿನದೆಂಬುದು ಸ್ಪಷ್ಟ. ಕೊಯ್ಲಿನ ದಿನವನ್ನು ಒಪ್ಪಂದದಲ್ಲಿ ಬರೆಯಬೇಕಾಗಿ ಬಂದದ್ದೇ, ಕಾಯುವುದು ಎಲ್ಲರಿಗೂ ಸುಲಭವಾಗಿರಲಿಲ್ಲ ಎಂಬುದಕ್ಕೆ ಸಾಕ್ಷಿಯೆಂದು ಹೇಳಬಹುದು.

ಈ ರೂಢಿಗೆ ಮಾರುಕಟ್ಟೆ ಒದಗಿಸಿದವರು ಹದಿನೇಳನೆಯ ಶತಮಾನದ ಡಚ್ ವ್ಯಾಪಾರಿಗಳು. ಬೋರ್ಡೋ ಸೀಮೆ 1453ರವರೆಗೆ ಇಂಗ್ಲೆಂಡಿನ ದೊರೆಗಳ ಕೈಯಲ್ಲಿದ್ದು, ಅಲ್ಲಿಗೆ ಕೆಂಪು ವೈನ್ ಸಾಗಿಸಿ ಬೆಳೆದಿದ್ದರೆ, ಡಚ್ಚರಿಗೆ ಬೇಕಾಗಿದ್ದದ್ದು ಸಿಹಿಯಾದ ಬಿಳಿ ವೈನ್. ಪೀಪಾಯಿಯೊಳಗೆ ಗಂಧಕದ ಬತ್ತಿ ಉರಿಸಿ, ವೈನ್ ಹಡಗಿನಲ್ಲಿ ಮತ್ತೆ ಹುದುಗದಂತೆ ತಡೆಯುವ ಉಪಾಯವನ್ನು ಬಳಕೆಗೆ ತಂದವರೂ ಅವರೇ. 1785ರಲ್ಲಿ ಸೊವಾಜ್ ಮನೆತನದ ಫ್ರಾಂಸ್ವಾಸ್ ಜೋಸೆಫೀನ್ ಲೂರ್-ಸಲ್ಯೂಸ್ ಮನೆತನದ ಲೂಯಿ ಅಮೆದೆಯನ್ನು ಮದುವೆಯಾಗಿ, 1788ರಲ್ಲಿ ವಿಧವೆಯಾದ ಮೇಲೆ, ಫ್ರೆಂಚ್ ಕ್ರಾಂತಿಯ ಕಾಲವನ್ನೂ ದಾಟಿ ತೋಟವನ್ನು ಉಳಿಸಿಕೊಂಡಳು. 1826ರಲ್ಲಿ ಆಕೆ ಕಟ್ಟಿಸಿದ ನೆಲಮಾಳಿಗೆ ವೈನನ್ನು ಮಾರದೆ ವರ್ಷಗಟ್ಟಲೆ ಇಟ್ಟುಕೊಳ್ಳುವ ಶಕ್ತಿಯನ್ನು ಆ ಮನೆಗೆ ಕೊಟ್ಟಿತು. ಈ ಚರಿತ್ರೆಯಲ್ಲಿ ಒಡೆಯರ ಪಾಲಿನ ನಿಜವಾದ ಕೊಡುಗೆ ಯಾವುದಾದರೂ ಇದ್ದರೆ ಅದು ಇದೇ. ಅಮೆರಿಕದ ರಾಯಭಾರಿಯಾಗಿದ್ದ ಥಾಮಸ್ ಜೆಫರ್ಸನ್ 1784ರ ಬೆಳೆಯ 250 ಬಾಟಲಿಗಳಿಗೆ ಬೇಡಿಕೆ ಸಲ್ಲಿಸಿದ್ದ, 1790ರಲ್ಲಿ ಅಧ್ಯಕ್ಷ ವಾಷಿಂಗ್ಟನ್ನನಿಗಾಗಿ 30 ಡಜನ್ ಕೇಳಿ ಬರೆದಿದ್ದ. ಬೋರ್ಡೋ ವೈನುಗಳನ್ನು 1855ರಲ್ಲಿ ದರ್ಜೆಗಳಾಗಿ ವಿಂಗಡಿಸಿದಾಗ ದಿಕೆಮ್ ಒಂದಕ್ಕೇ ಎಲ್ಲಕ್ಕಿಂತ ಮೇಲಿನ ವಿಶೇಷ ಸ್ಥಾನ ದೊರೆಯಿತು. ನಾಲ್ಕು ವರ್ಷಗಳ ಬಳಿಕ ರಷ್ಯಾದ ಚಕ್ರವರ್ತಿಯ ಸೋದರ 1847ರ ಬೆಳೆಯ 900 ಲೀಟರಿಗೆ 20,000 ಚಿನ್ನದ ಫ್ರಾಂಕ್ ತೆತ್ತ.

ಕಾಯುವುದಕ್ಕೆ ಬಂಡವಾಳ ಬೇಕೆಂಬುದನ್ನು ಇತ್ತೀಚಿನ ವರ್ಷಗಳು ಇನ್ನಷ್ಟು ಸ್ಪಷ್ಟಪಡಿಸಿವೆ. ಹಣ್ಣು ಹದಕ್ಕೆ ಬರದ 1972, 1974, 1992 ಮತ್ತು 2012ರಲ್ಲಿ ದಿಕೆಮ್ ತನ್ನ ಹೆಸರಿನ ಸಿಹಿ ವೈನನ್ನು ಹೊರತರಲೇ ಇಲ್ಲ. ಒಂದು ವರ್ಷದ ಬೆಳೆಯನ್ನೇ ಹೀಗೆ ಕೈಬಿಡುವುದು ಸಣ್ಣ ತೋಟದ ರೈತನಿಗೆ ಸಾಧ್ಯವಿಲ್ಲದ ಮಾತು. ಆ ದಿಕೆಮ್ ಕೂಡ 1999ರಲ್ಲಿ ಎಲ್‌ವಿಎಂಎಚ್ ಎಂಬ ದೊಡ್ಡ ಉದ್ಯಮ ಸಮೂಹದ ಹಿಡಿತಕ್ಕೆ ಹೋಯಿತು.

ಕನ್ನಡ ನಾಡಿನಲ್ಲಿ ದ್ರಾಕ್ಷಿಯ ಮತ್ತು ಮದ್ಯದ ಚರಿತ್ರೆ ಬೇರೆ ದಾರಿ ಹಿಡಿದಿದೆ. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸ ಎಂಬ ಸಂಸ್ಕೃತ ಗ್ರಂಥ ಅರಮನೆಯ ಮದಿರಾಪಾನವನ್ನೂ ಒಂದು ವಿನೋದವಾಗಿ ವರ್ಣಿಸುತ್ತದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯಸ್ ಅಲ್ಲಿನ ಪೇಟೆಯಲ್ಲಿ ದ್ರಾಕ್ಷಿ ಮಾರುತ್ತಿದ್ದುದನ್ನು ಬರೆದಿದ್ದಾನೆ. ಆಧುನಿಕ ಕಾಲದಲ್ಲಿ ಬೆಂಗಳೂರು, ಚಿಕ್ಕಬಳ್ಳಾಪುರ ಮತ್ತು ಕೋಲಾರದ ಸುತ್ತ ಬೆಂಗಳೂರು ನೀಲಿ ತಳಿ ನೆಲೆಯೂರಿತು. ನಂದಿ ಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದ ಬಳಿ ಕನ್ವಲ್ ಗ್ರೋವರ್ ಅವರು ಫ್ರೆಂಚ್ ತಜ್ಞ ಜಾರ್ಜ್ ವೆಸೆಲ್ ಅವರ ನೆರವಿನಿಂದ ಫ್ರೆಂಚ್ ತಳಿಗಳನ್ನು ನೆಟ್ಟು 1988ರಲ್ಲಿ ವೈನ್ ಸಂಸ್ಥೆಯನ್ನು ಕಟ್ಟಿದರು. ಮುಂದೆ ಬೋರ್ಡೋ ಸೀಮೆಯವರೇ ಆದ ಮಿಶೆಲ್ ರೋಲಾಂ ಅದಕ್ಕೆ ಸಲಹೆಗಾರರಾದರು. ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದು ವೈನ್ ಮಂಡಳಿಯನ್ನೂ ಸ್ಥಾಪಿಸಿತು.

ತಳಿಯೂ ತಜ್ಞರೂ ಬಂದರು, ಮಂಜು ಬರಲಿಲ್ಲ. ಉತ್ತರ ಕರ್ನಾಟಕದಲ್ಲಿ ಅಕ್ಟೋಬರ್ ಆಸುಪಾಸಿನಲ್ಲಿ ಬಳ್ಳಿಯನ್ನು ಚಾಟನಿ ಮಾಡಿದರೆ, ಎಂದರೆ ಫಲಕ್ಕಾಗಿ ಕತ್ತರಿಸಿದರೆ, ಹಣ್ಣು ಕೊಯ್ಲಿಗೆ ಬರುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಒಣ ಬಿಸಿಲು ಏರುತ್ತಿರುವಾಗ. ಉದಾತ್ತ ಕೊಳೆತಕ್ಕೆ ಬೇಕಾದ ಶರತ್ಕಾಲದ ತೇವವಾಗಲಿ ತಂಪಾಗಲಿ ಆಗ ಇರುವುದಿಲ್ಲ. ಆ ಬಿಸಿಲನ್ನೇ ನಂಬಿದ ವಿಜಯಪುರದ ರೈತರು ಬೀಜರಹಿತ ದ್ರಾಕ್ಷಿಯನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡುಗಳ ಬಲೆಗಳ ಮೇಲೆ ಹರವಿ, ಎರಡು ವಾರಗಳ ಆಸುಪಾಸಿನಲ್ಲಿ ಒಣದ್ರಾಕ್ಷಿ ಮಾಡುತ್ತಾರೆ. ಒಂದು ಕಿಲೋ ಒಣದ್ರಾಕ್ಷಿಗೆ ಸುಮಾರು ನಾಲ್ಕು ಕಿಲೋ ಹಸಿ ಹಣ್ಣು ಬೇಕು. ಆ ದಿನಗಳಲ್ಲಿ ಅಕಾಲದ ಮಳೆ ಬಿದ್ದರೆ ಮಾಲು ಕಪ್ಪಾಗಿ ಬೆಲೆ ಕಳೆದುಕೊಳ್ಳುತ್ತದೆ. ಒಣಗಿದ ಮಾಲನ್ನು ಶೀತಲಗೃಹದಲ್ಲಿಟ್ಟು ಹಬ್ಬಗಳ ಬೇಡಿಕೆಗೆ ಕಾಯುವುದು ಬಾಡಿಗೆ ಕಟ್ಟಬಲ್ಲವರಿಗೆ ಮಾತ್ರ ಸಾಧ್ಯ. ಸಾಲದ ಕಂತು ತೀರಿಸಬೇಕಾದವರು ಸುಗ್ಗಿಯ ದರಕ್ಕೇ ಮಾರುತ್ತಾರೆ. ಬ್ಯಾಡಗಿಯ ಮೆಣಸಿನಕಾಯಿಯ ಶೀತಲಗೃಹಗಳಲ್ಲಿಯೂ ಕಾಯುವವರು ಮತ್ತು ಕಾಯಲಾಗದವರು ಬೇರ್ಪಡುವುದು ಇದೇ ಲೆಕ್ಕದಲ್ಲಿ.